ಗುರುತ್ವದ ಲೆಕ್ಕಕ್ಕೆ ಇನ್ನೊಂದು ಬಲ

ಹುಬ್ಬಳ್ಳಿಯ ರೇಖಾಂಶ ಹಿಡಿದು ತೆಂಕಣಕ್ಕೆ ಹೊರಟರೆ ಮಲೆನಾಡು ದಾಟಿ, ಕಾಸರಗೋಡು ಜಿಲ್ಲೆಯಲ್ಲಿ ಕಡಲಿಗಿಳಿದು, ಕೊನೆಗೆ ನಡುನೀರಿನಲ್ಲಿ ಭೂಮಧ್ಯರೇಖೆಯನ್ನು ಮುಟ್ಟುತ್ತೇವೆ. ಆ ಜಾಗದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಕಣ್ಣಿಗೆ ಕಾಣದ ಒಂದು ಹಳ್ಳವಿದೆ. ಭೂಸ್ಥಿರ ಕಕ್ಷೆಯಲ್ಲಿ ಇಂಧನ ಮುಗಿದು ಕೈಬಿಟ್ಟ ಉಪಗ್ರಹಗಳಲ್ಲಿ ಎಷ್ಟೋ ಈ 75.1 ಡಿಗ್ರಿ ಪೂರ್ವ ರೇಖಾಂಶದ ಆಚೀಚೆ ತೊಟ್ಟಿಲಿನ ಹಾಗೆ ತೂಗುತ್ತಿರುತ್ತವೆ. ಒಂದು ತೂಗಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಇಂಥದೇ ಇನ್ನೊಂದು ಹಳ್ಳ ಭೂಗೋಳದ ಆ ಬದಿಗೆ, ಅಮೆರಿಕದ ರೇಖಾಂಶದಲ್ಲಿದೆ.

ಭೂಮಿಯನ್ನು ಒಂದು ಚುಕ್ಕಿ ಎಂದುಕೊಂಡು ಗುರುತ್ವದ ಪ್ರೋಗ್ರಾಂ ಬರೆದವರಿಗೆ ಈ ಹಳ್ಳ ಸಿಗುವುದೇ ಇಲ್ಲ. ಅವರ ಕಂಪ್ಯೂಟರಿನಲ್ಲಿ ಭೂಸ್ಥಿರ ಉಪಗ್ರಹ ಇಟ್ಟಲ್ಲೇ ಯುಗಯುಗಾಂತರ ನಿಂತಿರುತ್ತದೆ. ಭೂಮಿಯ ಧ್ರುವ ಚಪ್ಪಟೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದರ ನಡುಪಟ್ಟಿಯೂ ಪೂರಾ ದುಂಡಗಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಉದ್ದ ತ್ರಿಜ್ಯಕ್ಕೂ ಗಿಡ್ಡ ತ್ರಿಜ್ಯಕ್ಕೂ ಸುಮಾರು 70 ಮೀಟರ್ ವ್ಯತ್ಯಾಸ. ಇಷ್ಟೇ ಸಾಕು, ಉಪಗ್ರಹ ಜಾರತೊಡಗುತ್ತದೆ. ಜೊತೆಗೆ ಸೂರ್ಯ ಚಂದ್ರರ ಸೆಳೆತ ಕಕ್ಷೆಯನ್ನು ವರ್ಷಕ್ಕೆ ಒಂದು ಡಿಗ್ರಿಯ ಆಸುಪಾಸು ಓರೆ ಮಾಡುತ್ತದೆ, ಬಿಸಿಲಿನ ಒತ್ತಡ ಅದರ ದುಂಡುತನವನ್ನು ಕೆಡಿಸುತ್ತದೆ. ಇನ್ಸಾಟ್ ಕಾಲದಿಂದಲೂ ಹಾಸನದ ಎಂಸಿಎಫ್‌ನಲ್ಲಿ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ, ಕೂತವರ ದಿನಗೆಲಸದ ಒಂದು ದೊಡ್ಡ ಪಾಲು ಈ ಪುಟ್ಟ ಬಲಗಳಿಗೆ ಎದುರಾಗಿ ಉಪಗ್ರಹವನ್ನು ಅದರ ಜಾಗಕ್ಕೆ ತಳ್ಳುತ್ತಿರುವುದು. ಯಾವ ಬಲವನ್ನು ಲೆಕ್ಕಕ್ಕೆ ಸೇರಿಸಬೇಕು, ಯಾವುದನ್ನು ಬಿಡಬಹುದು, ಸೇರಿಸಿದರೆ ಏನು ಕೆಡುತ್ತದೆ ಎಂಬ ಪ್ರಶ್ನೆ ಅವರಿಗೆ ಇಂಧನದ ಪ್ರಶ್ನೆ. ಖಗೋಳಶಾಸ್ತ್ರಜ್ಞರಿಗೋ, ಅದು ಇನ್ನೂರು ವರ್ಷದ ಹಳೆಯ ತಲೆನೋವು.

ಗುರುತ್ವದ ಪ್ರೋಗ್ರಾಂನ ಅಸ್ಥಿಪಂಜರ ಬಲು ಸರಳ. ಕಾಯಗಳ ಪಟ್ಟಿ ಇದೆ. ಪ್ರತಿ ಜೋಡಿಯ ನಡುವಿನ ದೂರ ಅಳೆದು, ನ್ಯೂಟನ್ನನ ಸೂತ್ರದಿಂದ ಸೆಳೆತ ತೆಗೆದು, ಒಂದೊಂದು ಕಾಯದ ಲೆಕ್ಕಕ್ಕೂ ಕೂಡಿಸುತ್ತಾ ಹೋಗುವುದು. ಆ ಮೊತ್ತದಿಂದ ವೇಗ ತಿದ್ದುವುದು, ವೇಗದಿಂದ ಜಾಗ ತಿದ್ದುವುದು. ಮತ್ತೆ ಮೊದಲಿಂದ. ಹೊಸ ಬಲ ಬೇಕೆ? ಕೂಡಿಸುವ ಜಾಗದಲ್ಲಿ ಇನ್ನೊಂದು ಸಾಲು ಬರೆದರಾಯಿತು. ಇಂಥ ಅನುಕೂಲ ಮೊದಲು ಇರಲಿಲ್ಲ. 1941ರಲ್ಲಿ ಸ್ವೀಡನ್ನಿನ ಎರಿಕ್ ಹೋಮ್‌ಬರ್ಗ್ ಎರಡು ಗೆಲಾಕ್ಸಿಗಳ ಮುಖಾಮುಖಿಯನ್ನು ಲೆಕ್ಕ ಹಾಕಿದ್ದು ವಿದ್ಯುತ್ ಬಲ್ಬುಗಳಿಂದ. ಒಂದೊಂದು ಗೆಲಾಕ್ಸಿಗೆ 37 ಬಲ್ಬು. ಬೆಳಕೂ ಗುರುತ್ವದ ಹಾಗೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಒಂದು ಬಲ್ಬು ಇರುವ ಜಾಗದಲ್ಲಿ ನಾಲ್ಕು ದಿಕ್ಕಿನಿಂದ ಬೀಳುವ ಬೆಳಕನ್ನು ಅಳೆದರೆ ಅದೇ ಸೆಳೆತದ ಅಳತೆ. ಅಳೆ, ಬಲ್ಬುಗಳನ್ನು ಕೊಂಚ ಸರಿಸು, ಮತ್ತೆ ಅಳೆ. ಎಂಥ ಚಂದದ ಯೋಚನೆ! ಆದರೆ ಆ ಯಂತ್ರಕ್ಕೆ ಗೊತ್ತಿದ್ದುದು ಒಂದೇ ನಿಯಮ. ಬೇರೆ ಬಲ ಸೇರಿಸಿ ಎಂದರೆ ಬಲ್ಬು ಕೇಳಬೇಕಲ್ಲ.

ಇಂದಿನ ಕಂಪ್ಯೂಟರ್ ಏನು ಹೇಳಿದರೂ ಕೇಳುತ್ತದೆ. ತೊಂದರೆ ಇರುವುದು ಅಲ್ಲೇ.

ಲೆಕ್ಕಕ್ಕೂ ಆಕಾಶಕ್ಕೂ ತಾಳೆಯಾಗದೇ ಹೋದಾಗ ಮೂರು ದಾರಿಗಳಿರುತ್ತವೆ: ಕಾಣದ ಕಾಯವೊಂದಿದೆ ಎನ್ನುವುದು, ಲೆಕ್ಕಕ್ಕೆ ಹಿಡಿಯದ ಬಲವೊಂದಿದೆ ಎನ್ನುವುದು, ಇಲ್ಲವೇ ನಿಯಮವೇ ತಪ್ಪು ಎನ್ನುವುದು. ಯುರೇನಸ್ ದಾರಿ ತಪ್ಪಿದಾಗ ಫ್ರಾನ್ಸಿನ ಲ ವೆರ್ಯೇ ಮೊದಲ ದಾರಿ ಹಿಡಿದ. 1846ರಲ್ಲಿ ನೆಪ್ಚೂನ್ ಸಿಕ್ಕಿತು, ಕೀರ್ತಿ ಬಂತು. ಗೆದ್ದ ಕುದುರೆಯ ಮೇಲೆಯೇ ಮತ್ತೆ ಬಾಜಿ ಕಟ್ಟುವುದು ಮನುಷ್ಯನ ಸ್ವಭಾವ. 1859ರಲ್ಲಿ ಬುಧನ ಕಕ್ಷೆಯಲ್ಲಿ ಶತಮಾನಕ್ಕೆ 38 ಆರ್ಕ್‌ಸೆಕೆಂಡಿನ ಲೆಕ್ಕ ಸಿಗದ ತಿರುಗು ಕಂಡಾಗ, ಸೂರ್ಯನ ಮಗ್ಗುಲಲ್ಲಿ ಇನ್ನೊಂದು ಗ್ರಹ ಅಡಗಿದೆ ಎಂದ. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು, ಕಂಡೆವು ಎನ್ನುವವರೂ ಹುಟ್ಟಿಕೊಂಡರು. ಗ್ರಹ ಮಾತ್ರ ಇರಲಿಲ್ಲ. ಈ ಸಲ ತಿದ್ದಬೇಕಾದದ್ದು ನಿಯಮವನ್ನೇ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಹೊಸ ಸಾಪೇಕ್ಷತಾ ಸಿದ್ಧಾಂತದಿಂದ 43 ಆರ್ಕ್‌ಸೆಕೆಂಡ್ ತೆಗೆದು ತೋರಿಸಿದರು. ಇವತ್ತಿನ ಅಳತೆಯೂ ಅಷ್ಟೇ. ಒಂದು ಡಿಗ್ರಿಯನ್ನು 3600 ತುಂಡು ಮಾಡಿ ಅದರಲ್ಲಿ 43 ತುಂಡು, ಅದೂ ನೂರು ವರ್ಷಕ್ಕೆ.

ಇದನ್ನು ಪ್ರೋಗ್ರಾಂಗೆ ಸೇರಿಸುವವರು ಸಾಮಾನ್ಯವಾಗಿ ಐನ್‌ಸ್ಟೈನನ ಪೂರಾ ಸಮೀಕರಣಗಳ ತಂಟೆಗೆ ಹೋಗುವುದಿಲ್ಲ. ದೂರದ ಘನಕ್ಕೆ ತಕ್ಕಂತೆ ಕುಗ್ಗುವ ಒಂದು ಚಿಕ್ಕ ಹೆಚ್ಚುವರಿ ಸೆಳೆತವನ್ನು ನ್ಯೂಟನ್ನನ ಸೆಳೆತಕ್ಕೆ ಕೂಡಿಸಿದರೆ ಬುಧನ ತಿರುಗು ಸರಿಯಾಗಿ ಬರುತ್ತದೆ. ಬುಧನ ದೂರದಲ್ಲಿ ಈ ಹೆಚ್ಚುವರಿ ಎಷ್ಟು? ಮೂಲ ಸೆಳೆತದ ಸುಮಾರು 65 ಲಕ್ಷದಲ್ಲಿ ಒಂದು ಪಾಲು.

ರಜೆಯಲ್ಲೊಮ್ಮೆ ನಾನೂ ಇದನ್ನು ಪೈಥಾನಿನಲ್ಲಿ ಬರೆಯಲು ಕೂತೆ. ಸೂರ್ಯ, ಬುಧ, ಇಬ್ಬರೇ. ದಿನಕ್ಕೊಂದು ಹೆಜ್ಜೆಯಂತೆ, ಪಠ್ಯಪುಸ್ತಕದ ಕಪ್ಪೆಗುಪ್ಪಳದ (ಲೀಪ್‌ಫ್ರಾಗ್) ವಿಧಾನದಲ್ಲಿ ಓಡಿಸಿದೆ. ಕಕ್ಷೆ ಚೆನ್ನಾಗಿ ತಿರುಗಿತು, ತೀರಾ ಚೆನ್ನಾಗಿ ತಿರುಗಿತು. 43 ಎಲ್ಲಿ, ಸಾವಿರಗಟ್ಟಲೆ ಆರ್ಕ್‌ಸೆಕೆಂಡ್ ಎಲ್ಲಿ. ಹೊಸ ಸಾಲನ್ನು ಅಳಿಸಿ ಓಡಿಸಿದರೂ ಅದೇ ಕುಣಿತ. ಆಗ ಬುದ್ಧಿ ಬಂತು: ತಿರುಗುತ್ತಿದ್ದುದು ಬುಧನಲ್ಲ, ನನ್ನ ದಪ್ಪ ಹೆಜ್ಜೆ. ಆ ವಿಧಾನ ಶಕ್ತಿಯನ್ನು ಚೆನ್ನಾಗಿಯೇ ಕಾಯುತ್ತದೆ, ಆದರೆ ಕಕ್ಷೆಯನ್ನು ತನ್ನಷ್ಟಕ್ಕೆ ತಿರುಗಿಸುತ್ತದೆ. ಹೆಜ್ಜೆ ತಾನಾಗಿ ಹಿಗ್ಗಿ ಕುಗ್ಗುವ ನಿಖರವಾದ ವಿಧಾನಕ್ಕೆ ಬದಲಿಸಿದೆ. ಹೆಚ್ಚುವರಿ ಬಲವಿಲ್ಲದೆ ತಿರುಗು ಸೊನ್ನೆ, ಸರಿ. ಬಲ ಸೇರಿಸಿದೆ. ಬಂದದ್ದು 1.09. ಇಡೀ ಸಂಜೆ ಸೂತ್ರದ ಮೇಲೆ ಅನುಮಾನಪಟ್ಟು, ಕೊನೆಗೆ 43ನ್ನು 1.09ರಿಂದ ಭಾಗಿಸಿ ನೋಡಿದರೆ 39.4 ಚಿಲ್ಲರೆ. ಪೈಯ ವರ್ಗದ ನಾಲ್ಕು ಪಟ್ಟು! ನನ್ನ ಪ್ರೋಗ್ರಾಂನ ಕಾಲಮಾನದಲ್ಲಿ ಒಂದು ವರ್ಷವೆಂದರೆ ಪೈಯ ಎರಡು ಪಟ್ಟು. ಬೆಳಕಿನ ವೇಗವನ್ನು ಮಾತ್ರ ಮಾಮೂಲಿ ವರ್ಷದ ಲೆಕ್ಕದಲ್ಲಿ ಕೊಟ್ಟಿದ್ದೆ. 10,065 ಎಂದು ಬರೆಯಬೇಕಾದಲ್ಲಿ 63,241. ತಿದ್ದಿದ ಮೇಲೆ 43 ಬಂತು. ಅಡುಗೆಯವರು ಹೊಸ ಪದಾರ್ಥ ಹಾಕುವ ಮೊದಲು ಸಾರಿನ ರುಚಿ ನೋಡುವ ಹಾಗೆ, ಹೊಸ ಬಲ ಸೇರಿಸುವ ಮೊದಲು ಅದಿಲ್ಲದೆ ಒಮ್ಮೆ ಓಡಿಸಿ ನೋಡಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ.

65 ಲಕ್ಷದಲ್ಲೊಂದು ಪಾಲು ಬಿಟ್ಟರೆ ಏನಾಗುತ್ತದೆ ಎನ್ನುವವರಿಗೆ ಪ್ಯಾರಿಸ್ ವೀಕ್ಷಣಾಲಯದ ಜಾಕ್ ಲಸ್ಕಾರ್ ಮತ್ತು ಮಿಕೇಲ್ ಗಸ್ತಿನೋ 2009ರಲ್ಲಿ ಉತ್ತರ ಕೊಟ್ಟರು. ಸೌರಮಂಡಲವನ್ನು ಮುಂದಿನ 500 ಕೋಟಿ ವರ್ಷಕ್ಕೆ 2,501 ಸಲ ಓಡಿಸಿದರು. ಒಂದು ಓಟಕ್ಕೂ ಇನ್ನೊಂದಕ್ಕೂ ಬುಧನ ಆರಂಭದ ದೂರದಲ್ಲಿ ವ್ಯತ್ಯಾಸ ಬರೀ 0.38 ಮಿಲಿಮೀಟರ್. ಸುಮಾರು ನೂರಕ್ಕೆ ಒಂದು ಓಟದಲ್ಲಿ ಬುಧನ ಕಕ್ಷೆ ಕೋಳಿಮೊಟ್ಟೆಯಂತೆ ಉದ್ದಕ್ಕೆ ಜಗ್ಗಿ, ಡಿಕ್ಕಿಯ ಅಪಾಯಕ್ಕೆ ಬಂತು. ಸಾಪೇಕ್ಷತೆಯ ಆ ಚೂರು ಬಲವನ್ನು ತೆಗೆದು ಓಡಿಸಿದಾಗಲೋ, ಅರ್ಧಕ್ಕಿಂತ ಹೆಚ್ಚು ಓಟಗಳಲ್ಲಿ ಬುಧ ಹಾಳಾದ. ಕಾರಣ ಬಲದ ಗಾತ್ರವಲ್ಲ, ತಾಳ. ಬುಧನ ಕಕ್ಷೆ ತಿರುಗುವ ಗತಿ ವರ್ಷಕ್ಕೆ ಸುಮಾರು 5.6 ಆರ್ಕ್‌ಸೆಕೆಂಡ್, ಗುರುವಿನ ಪ್ರಭಾವದ ಗತಿ 4.3ರ ಸುಮಾರು. ಇವೆರಡೂ ಒಂದಾದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದಂತೆ ಬುಧನ ಕಕ್ಷೆ ಉಬ್ಬುತ್ತದೆ. ಸಾಪೇಕ್ಷತೆ ಕೊಡುವ 0.43 ಆರ್ಕ್‌ಸೆಕೆಂಡ್ ಇವೆರಡನ್ನೂ ದೂರ ಇಟ್ಟಿದೆ. ಆದ್ದರಿಂದ ಒಂದು ಬಲ ಎಷ್ಟು ಚಿಕ್ಕದು ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಕಾಲ, ಯಾರ ತಾಳಕ್ಕೆ ಎಂದೂ ಕೇಳಬೇಕು.

ಬಿಸಿಲಿನ ವಿಷಯಕ್ಕೆ ಬರೋಣ. ಭೂಮಿಯ ದೂರದಲ್ಲಿ ಒಂದು ಚದರ ಮೀಟರಿನ ಮೇಲೆ ಸೂರ್ಯನ ಬೆಳಕು ಒತ್ತುವ ಒತ್ತಡ ಒಂದು ನ್ಯೂಟನ್ನಿನ ಹತ್ತು ಲಕ್ಷದಲ್ಲಿ ನಾಲ್ಕೂವರೆ ಪಾಲು. ಗ್ರಹಗಳಿಗೆ ಇದು ಲೆಕ್ಕಕ್ಕಿಲ್ಲ. ಅರ್ಧ ಮೈಕ್ರಾನಿನ ಧೂಳುಕಣಕ್ಕೋ, ಅದು ಸೂರ್ಯನ ಸೆಳೆತಕ್ಕೇ ಸರಿಸಾಟಿ. ಇಲ್ಲೊಂದು ಸ್ವಾರಸ್ಯವಿದೆ. ಬೆಳಕಿನ ಒತ್ತಡವೂ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಅದಕ್ಕೆ ಹೊಸ ಸಾಲು ಬರೆಯುವುದೇ ಬೇಡ. ಆ ಕಣದ ಪಾಲಿಗೆ ಸೂರ್ಯನ ತೂಕವನ್ನು ಅಷ್ಟು ಇಳಿಸಿದರೆ ಮುಗಿಯಿತು. ಹೋಮ್‌ಬರ್ಗನ ಬಲ್ಬುಗಳೂ ಒಪ್ಪುತ್ತಿದ್ದವು. ಸಾಲು ಬೇಕಾಗುವುದು ಇದರ ತಮ್ಮನಿಗೆ, ಪಾಯಿಂಟಿಂಗ್ ಮತ್ತು ರಾಬರ್ಟ್‌ಸನ್ ಹೆಸರಿನ ಎಳೆತಕ್ಕೆ. ಓಡುತ್ತಿರುವ ಕಣಕ್ಕೆ ಬೆಳಕು ಕೊಂಚ ಎದುರಿನಿಂದ ಬಡಿದಂತಾಗುತ್ತದೆ, ಮಳೆಯಲ್ಲಿ ಬೈಕ್ ಓಡಿಸುವವನ ಮುಖಕ್ಕೆ ಹನಿ ಬಡಿಯುವಂತೆ. ಕಣ ನಿಧಾನಕ್ಕೆ ಸುತ್ತುತ್ತಾ ಸೂರ್ಯನೊಳಕ್ಕೆ ಇಳಿಯುತ್ತದೆ. ಕೆಲವು ಸಾವಿರ ವರ್ಷದ ಕೆಲಸ ಅದು.

ಯಾರ್ಕೋವ್‌ಸ್ಕಿ ಪರಿಣಾಮ ಇನ್ನೂ ಮೋಜಿನದು. ಕ್ಷುದ್ರಗ್ರಹ ಹಗಲು ಕಾಯುತ್ತದೆ, ತಿರುಗುತ್ತದೆ, ಸಂಜೆಯ ಬದಿಯಿಂದ ಹೆಚ್ಚು ಕಾವು ಬಿಡುತ್ತದೆ. ನಮ್ಮ ಸಿಮೆಂಟು ತಾರಸಿಗಳು ಸೂರ್ಯ ಮುಳುಗಿದ ಮೇಲೂ ಕಾವು ಉಗುಳುವುದಿಲ್ಲವೇ, ಹಾಗೆ. ಆ ಕಾವೇ ಸಣ್ಣ ರಾಕೆಟ್. 1900ರ ಆಸುಪಾಸಿನಲ್ಲಿ ಇವಾನ್ ಯಾರ್ಕೋವ್‌ಸ್ಕಿ ಎಂಬ ಸಿವಿಲ್ ಎಂಜಿನಿಯರ್ ಒಂದು ಕಿರುಹೊತ್ತಗೆಯಲ್ಲಿ ಬರೆದಿದ್ದ ವಿಚಾರ ಇದು. ಮರೆತೇಹೋಗಿದ್ದ ಅದನ್ನು ಎಷ್ಟೋ ದಶಕಗಳ ಮೇಲೆ ಖಗೋಳಶಾಸ್ತ್ರಜ್ಞ ಅರ್ನ್ಸ್ಟ್ ಎಪಿಕ್ ನೆನಪಿನಿಂದ ಎತ್ತಿ ಹೇಳಿದರು. 2003ರಲ್ಲಿ ಗೊಲೆವ್ಕಾ ಎಂಬ ಕ್ಷುದ್ರಗ್ರಹ ರೇಡಾರಿನಲ್ಲಿ ಕಂಡಾಗ, ಬರೀ ಗುರುತ್ವದ ಲೆಕ್ಕಕ್ಕಿಂತ 12 ವರ್ಷದಲ್ಲಿ 15 ಕಿಲೋಮೀಟರ್ ಸರಿದಿತ್ತು. ಬೆನ್ನು ಕ್ಷುದ್ರಗ್ರಹದ ಕಕ್ಷೆ ವರ್ಷಕ್ಕೆ 284 ಮೀಟರ್ ಕುಗ್ಗುತ್ತಿದೆ. 7,300 ಕೋಟಿ ಕಿಲೋ ತೂಕದ ಬಂಡೆರಾಶಿ ಅದು. ಅದನ್ನು ಹೀಗೆ ಸರಿಸಲು ಬೇಕಾದ ಬಲ ಲೆಕ್ಕ ಹಾಕಿದರೆ ಅಂಗೈಯಲ್ಲಿ ಐದಾರು ಗ್ರಾಮಿನ ಒಂದು ನಾಣ್ಯ ಇಟ್ಟಷ್ಟು. 2182ರಲ್ಲಿ ಬೆನ್ನು ಭೂಮಿಗೆ ಬಡಿಯುವ ಕಿರುಸಾಧ್ಯತೆಯ ಲೆಕ್ಕ ನಿಂತಿರುವುದು ಈ ನಾಣ್ಯದ ಮೇಲೂ ಹೌದು.

ಕಾವಿನ ಇದೇ ಆಟ ಸೂರ್ಯನಿಂದ ದೂರ ಹೋಗುತ್ತಿದ್ದ ಪಯೊನೀರ್ 10 ಮತ್ತು 11 ನೌಕೆಗಳಲ್ಲಿ ಜನರನ್ನು ವರ್ಷಗಟ್ಟಲೆ ಆಡಿಸಿತು. ಸೂರ್ಯನ ಕಡೆಗೆ ಒಂದು ತೀರಾ ಚಿಕ್ಕ, ವಿವರಣೆ ಸಿಗದ ಎಳೆತ ಇದೆ ಎಂದು 1998ರಲ್ಲಿ ವರದಿಯಾದ ಮೇಲೆ ಗುರುತ್ವದ ನಿಯಮವನ್ನೇ ತಿದ್ದಲು ಹೊರಟವರ ಸಾಲು ದೊಡ್ಡದು. ಹಳೆಯ ದತ್ತಾಂಶವನ್ನೆಲ್ಲ ಹೆಕ್ಕಿ ತೆಗೆದು, ನೌಕೆಯ ಕಾವು ಯಾವ ಬದಿಗೆ ಎಷ್ಟು ಹೊರಬೀಳುತ್ತದೆಂದು ಲೆಕ್ಕ ಹಾಕಿ 2012ರಲ್ಲಿ ಸ್ಲಾವಾ ತುರಿಶೇವ್ ಮತ್ತು ಜೊತೆಗಾರರು ತೋರಿಸಿದ್ದು: ನೌಕೆಯ ಸ್ವಂತ ಬಿಸಿಯೇ ಅದನ್ನು ಹಿಂದಕ್ಕೆ ತಳ್ಳುತ್ತಿತ್ತು. ಹೊಸ ಭೌತಶಾಸ್ತ್ರವಲ್ಲ, ಬಿಸಿ ಡಬ್ಬಿ.

ಧೂಮಕೇತುಗಳ ಚರಿತ್ರೆ ಇದಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಇದಕ್ಕಿಂತ ಬೋಧಪ್ರದವೂ ಹೌದು. 19ನೇ ಶತಮಾನದ ಆದಿಯಲ್ಲಿ ಯೋಹಾನ್ ಎಂಕೆ ತನ್ನ ಹೆಸರಿನ ಧೂಮಕೇತು ಪ್ರತಿ ಸುತ್ತಿನಲ್ಲೂ ಸುಮಾರು ಎರಡೂವರೆ ಗಂಟೆ ಮುಂಚೆ ಬರುತ್ತಿದೆ ಎಂದು ಕಂಡುಕೊಂಡ. ಆಕಾಶದಲ್ಲಿ ತೆಳುವಾದ ಒಂದು ಮಾಧ್ಯಮ ತುಂಬಿದೆ, ಅದರ ತಡೆಯಿಂದ ಕಕ್ಷೆ ಕುಗ್ಗುತ್ತಿದೆ ಎಂದ. ಸೂತ್ರ ಬರೆದ, ಸ್ಥಿರಾಂಕ ಹೊಂದಿಸಿದ, ಮುಂದಿನ ಬರವನ್ನು ಸರಿಯಾಗಿಯೇ ಹೇಳಿದ. ಬಲ ಇದ್ದದ್ದು ನಿಜ, ಕಾರಣ ಮಾತ್ರ ಪೂರಾ ಸುಳ್ಳು. ಮಾಧ್ಯಮದ ತಡೆಯಾದರೆ ಎಲ್ಲ ಧೂಮಕೇತುಗಳೂ ಬೇಗ ಬರಬೇಕು. ಹ್ಯಾಲಿ ಪ್ರತಿ ಸುತ್ತಿಗೂ ನಾಲ್ಕು ದಿನದಷ್ಟು ತಡವಾಗಿ ಬರುತ್ತದೆ. 1950ರಲ್ಲಿ ಫ್ರೆಡ್ ವಿಪ್ಪಲ್ ಕೊಟ್ಟ ಉತ್ತರ: ಧೂಮಕೇತು ಕೊಳಕು ಮಂಜಿನ ಗಡ್ಡೆ, ಬಿಸಿಲಿಗೆ ಆವಿ ಚಿಮ್ಮಿ ಅದೇ ಅದನ್ನು ನೂಕುತ್ತದೆ, ಗಡ್ಡೆ ಯಾವ ಕಡೆ ಗಿರಗಿರ ತಿರುಗುತ್ತಿದೆ ಎಂಬುದರ ಮೇಲೆ ಮುಂದಕ್ಕೋ ಹಿಂದಕ್ಕೋ. 1973ರಲ್ಲಿ ಮಾರ್ಸ್‌ಡೆನ್, ಸೆಕಾನಿನಾ ಮತ್ತು ಯೋಮನ್ಸ್ ಕಟ್ಟಿದ ಸೂತ್ರವೇ ಇಂದಿಗೂ ಪ್ರೋಗ್ರಾಂಗಳಲ್ಲಿ ಚಾಲ್ತಿಯಲ್ಲಿದೆ. ಹೊಂದಿಸುವ ತಿರುಪು ಕೈಗೆ ಸಿಕ್ಕರೆ ತಪ್ಪು ಕಾರಣವೂ ಸರಿಯುತ್ತರ ಕೊಡುತ್ತದೆ. ಎಂಕೆಯಂಥ ಸೂಕ್ಷ್ಮ ಲೆಕ್ಕಿಗನೂ ಇದರಿಂದ ಪಾರಾಗಲಿಲ್ಲ. ಪ್ರೋಗ್ರಾಂಗೆ ಹೊಸ ಬಲ ಸೇರಿಸಿ ಗೆರೆ ಗೆರೆಯ ಮೇಲೆ ಕೂತಿತು ಎಂದು ಹಿಗ್ಗುವವರನ್ನು ಕಂಡಾಗಲೆಲ್ಲ ನನಗೆ ಇವನೇ ನೆನಪಾಗುವುದು.

ಭೂಮಿಗೆ ಹತ್ತಿರದ ಉಪಗ್ರಹಗಳನ್ನು ತಡೆಯುವ ಗಾಳಿಯ ಎಳೆತದಲ್ಲಿ ಕಾರಣ ಚೆನ್ನಾಗಿ ಗೊತ್ತು, ತಿರುಪು ಯಾರ ಕೈಯಲ್ಲೂ ಇಲ್ಲ. ಮೇಲಿನ ಗಾಳಿಯ ಸಾಂದ್ರತೆ ಸೂರ್ಯನ ಮರ್ಜಿಗೆ ತಕ್ಕಂತೆ ಉಬ್ಬಿ ಇಳಿಯುತ್ತದೆ. 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ನಮ್ಮ ಊರಿನ ಮೇಲೇ ಬೀಳುತ್ತದಂತೆ ಎಂದು ಹಳ್ಳಿಹಳ್ಳಿಗಳಲ್ಲಿ ಹಬ್ಬಿದ ದಿಗಿಲು ಆ ವಯಸ್ಸಿನವರಿಗೆ ಮರೆತಿರಲಾರದು. ಸೂರ್ಯ ಎಣಿಸಿದ್ದಕ್ಕಿಂತ ಚುರುಕಾಗಿದ್ದರಿಂದ ಅದು ಅವಧಿಗೆ ಮೊದಲೇ ಇಳಿದು, ಆ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಚೂರಾಗಿ ಬಿತ್ತು. 2022ರ ಫೆಬ್ರುವರಿಯಲ್ಲೂ ಒಂದು ಸೌರ ಬಿರುಗಾಳಿಗೆ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಉರಿದುಹೋದವು.

ಎಳೆತದಂಥ ಬಲಗಳು ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು ಪೆಟ್ಟು ಕೊಡುತ್ತವೆ. ಬರೀ ಗುರುತ್ವವಿದ್ದಾಗ ಒಟ್ಟು ಶಕ್ತಿ ಬದಲಾಗಬಾರದು. ಅದೊಂದು ಕಾವಲುನಾಯಿ ಇದ್ದಂತೆ, ಲೆಕ್ಕ ಎಲ್ಲಾದರೂ ಕೆಟ್ಟರೆ ಬೊಗಳುತ್ತದೆ. ಎಳೆತ ಸೇರಿಸಿದ ಕ್ಷಣವೇ ಶಕ್ತಿ ಸೋರುವುದು ಸಹಜವಾಗಿಬಿಡುತ್ತದೆ. ಸೋರಿದ್ದು ಎಳೆತದಿಂದಲೋ, ಕೋಡಿನ ತೂತಿನಿಂದಲೋ? ನಾಯಿ ಎರಡಕ್ಕೂ ಸುಮ್ಮನಿರುತ್ತದೆ. ಬಲ್ಲವರು ಕಿರಾಣಿ ಅಂಗಡಿಯ ಖಾತೆಯ ಹಾಗೆ ಇನ್ನೊಂದು ಪುಸ್ತಕ ಇಡುತ್ತಾರೆ: ಹೆಜ್ಜೆ ಹೆಜ್ಜೆಗೂ ಹೊಸ ಬಲ ಎಷ್ಟು ಶಕ್ತಿ ಒಯ್ದಿತು ಎಂದು ಬೇರೆಯಾಗಿ ಬರೆದು, ಸಂಜೆಗೆ ಗಲ್ಲೆಯ ಜೊತೆ ತಾಳೆ ನೋಡುವುದು. ಎಷ್ಟೋ ಜನ ಇಡುವುದಿಲ್ಲ, ಅದು ಬೇರೆ ಮಾತು.

ಇದಕ್ಕೆ ಅಂಟಿಕೊಂಡೇ ಗಡಿಯಾರದ, ಅಂದರೆ ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೂಡುವ ವಿಧಾನದ, ತೊಡಕೂ ಬರುತ್ತದೆ. ಗ್ರಹಗಳನ್ನು ಕೋಟಿ ವರ್ಷ ಓಡಿಸಲು 1991ರಲ್ಲಿ ಜಾಕ್ ವಿಸ್ಡಮ್ ಮತ್ತು ಮ್ಯಾಥ್ಯೂ ಹೋಲ್ಮನ್ ಕಟ್ಟಿದ ವಿಧಾನ ಇಂದಿಗೂ ಬಲವಾದದ್ದು. ಸೂರ್ಯನ ಸುತ್ತಲಿನ ದೀರ್ಘವೃತ್ತದ ಓಟವನ್ನು ಕಾಗದದ ಮೇಲಿನ ಸೂತ್ರದಿಂದಲೇ ಮುಗಿಸಿ, ಉಳಿದ ಗ್ರಹಗಳ ಸೆಳೆತವನ್ನು ಮಾತ್ರ ಆಗಾಗ ಒಂದು ಒದೆತವಾಗಿ ಕೊಡುವುದು ಅದರ ಗುಟ್ಟು. ಒದೆತ ಕಾಯದ ಜಾಗವನ್ನಷ್ಟೇ ನೋಡಿ ತೀರ್ಮಾನವಾಗುವವರೆಗೆ ಎಲ್ಲ ಸುಸೂತ್ರ. ವೇಗವನ್ನೂ ಕೇಳುವ ಬಲ ಬಂತೋ, ಒದೆತ ತಾನೇ ಬದಲಿಸುತ್ತಿರುವ ವೇಗವನ್ನು ತಾನೇ ಓದಬೇಕಾಗುತ್ತದೆ. ಅಜಾಗರೂಕತೆಯಿಂದ ತುರುಕಿದರೆ ಕೋಟಿ ವರ್ಷದ ನಂಬಿಕೆ ಹೋಗುತ್ತದೆ. 2012ರಲ್ಲಿ ಹಾನೋ ರೈನ್ ಮತ್ತು ಶಾಂಗ್‌ಫೇ ಲ್ಯೂ ಬಿಡುಗಡೆ ಮಾಡಿದ, ಯಾರು ಬೇಕಾದರೂ ಬಳಸಬಹುದಾದ ರೀಬೌಂಡ್ ಪ್ರೋಗ್ರಾಂನಲ್ಲಿ ಹೊಸ ಬಲಕ್ಕೆಂದೇ ಒಂದು ಬಾಗಿಲಿದೆ. ನಮ್ಮ ಸೂತ್ರ ಬರೆದು ಅಲ್ಲಿ ಸಿಕ್ಕಿಸಿದರೆ ಸಾಕು. ಬಾಗಿಲು ತೆರೆದ ಮೇಲೆ ಎಂಥೆಂಥವರೋ ಒಳಗೆ ಬರುತ್ತಾರಲ್ಲ. 2020ರಲ್ಲಿ ಡ್ಯಾನ್ ತಮಾಯೋ ಮತ್ತು ಸಂಗಡಿಗರು ಪ್ರಕಟಿಸಿದ ರೀಬೌಂಡ್‌ಎಕ್ಸ್ ಭಂಡಾರ ಸಾಪೇಕ್ಷತೆ, ಬೆಳಕಿನ ಒತ್ತಡ, ಉಬ್ಬರದ ಸೆಳೆತ, ಚಪ್ಪಟೆ ಗ್ರಹ ಮುಂತಾದವನ್ನು ಸಿದ್ಧಮಾಡಿ ಇಟ್ಟಿತು. ಅದಕ್ಕಿಂತ ಮುಖ್ಯವಾಗಿ, ಯಾವ ಬಗೆಯ ಬಲವನ್ನು ಯಾವ ಗಡಿಯಾರಕ್ಕೆ ಹೇಗೆ ಕೂಡಿಸಿದರೆ ತಪ್ಪು ಹದ್ದಿನಲ್ಲಿರುತ್ತದೆ ಎಂದು ಅಳೆದು ತೋರಿಸಿತು. ಬಲಗಳ ಪಟ್ಟಿಗಿಂತ ಆ ಅಳತೆಯೇ ಹೆಚ್ಚು ಬೆಲೆಯದು ಎಂಬುದು ನನ್ನ ಎಣಿಕೆ.

ಉಬ್ಬರವಿಳಿತದ ಬಲ ಇನ್ನೊಂದು ಕಥೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಈ ಬಲವನ್ನು ಇಂದಿನ ಸ್ಥಿರಾಂಕದೊಡನೆ ಸೇರಿಸಿ ಕಾಲವನ್ನು ಹಿಂದಕ್ಕೆ ಓಡಿಸಿದರೆ ಸುಮಾರು 150 ಕೋಟಿ ವರ್ಷದ ಹಿಂದೆಯೇ ಚಂದ್ರ ಭೂಮಿಗೆ ಬಂದು ಮುಟ್ಟುತ್ತಾನೆ. ಚಂದ್ರನ ಅತಿ ಹಳೆಯ ಕಲ್ಲುಗಳ ವಯಸ್ಸೋ 400 ಕೋಟಿಗೂ ಮೀರಿದ್ದು. ಸೂತ್ರ ಸರಿಯೇ ಇದೆ. ಖಂಡಗಳು ಜಾಗ ಬದಲಿಸಿದಂತೆ ಸಾಗರಗಳ ತೊನೆದಾಟವೂ ಬದಲಾಗಿದೆ, ಇವತ್ತಿನ ಸಾಗರಗಳು ಚಂದ್ರನ ತಾಳಕ್ಕೆ ಹೆಚ್ಚಾಗಿ ಕುಣಿಯುತ್ತವೆ. ಸ್ಥಿರಾಂಕ ಎಂದು ಕರೆದ ಮಾತ್ರಕ್ಕೆ ಅದು ಸ್ಥಿರವಾಗಿರಬೇಕಾಗಿಲ್ಲ.

ಇನ್ನು ಕೆಲವು ‘ಬಲ’ಗಳು ಹೆಸರಿಗೆ ಮಾತ್ರ ಬಲ. ಹುಟ್ಟುತ್ತಿರುವ ಗ್ರಹಗಳು ಅನಿಲದ ತಟ್ಟೆಯಲ್ಲಿ ಒಳಕ್ಕೆ ಜರುಗುವುದನ್ನು ತೋರಿಸಲು, ಅನಿಲವನ್ನೆಲ್ಲ ಲೆಕ್ಕ ಹಾಕುವ ಬದಲು, ಇಷ್ಟು ವರ್ಷದಲ್ಲಿ ಕಕ್ಷೆ ಇಷ್ಟು ಕುಗ್ಗಲಿ ಎಂದು ಹೇಳುವ ಒಂದು ಎಳೆತವನ್ನು ಹಾಕುತ್ತಾರೆ. ಜಿಜೆ 876 ಎಂಬ ನಕ್ಷತ್ರದ ಎರಡು ಗ್ರಹಗಳು ಒಂದು 30, ಇನ್ನೊಂದು 61 ದಿನದ ಆಸುಪಾಸಿನಲ್ಲಿ ಹೆಣೆದುಕೊಂಡದ್ದು ಹೇಗೆಂದು ಮ್ಯಾನ್ ಹೋಯ್ ಲೀ ಮತ್ತು ಸ್ಟ್ಯಾಂಟನ್ ಪೀಲ್ 2002ರಲ್ಲಿ ವಿವರಿಸಿದ್ದು ಈ ಬಗೆಯಲ್ಲೇ. ಉಪಯುಕ್ತ ಜಾಣತನ, ತಕರಾರಿಲ್ಲ. ಅದನ್ನು ಪ್ರಕೃತಿಯ ಬಲವೆಂದು ಯಾರಾದರೂ ನಂಬಿದರೆ ಮಾತ್ರ ತಕರಾರು.

ಕೂಡಿಸುವುದಕ್ಕೇ ಬಗ್ಗದವೂ ಇವೆ. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಅಷ್ಟು ವೇಗವಾಗಿ ಓಡುವುದಕ್ಕೆ ಕಪ್ಪುದ್ರವ್ಯವೆಂಬ ಕಾಣದ ಕಾಯವನ್ನು ಹೆಚ್ಚಿನವರು ಸೇರಿಸುತ್ತಾರೆ. 1983ರಲ್ಲಿ ಮೊರ್ದೆಹಾಯ್ ಮಿಲ್ಗ್ರೋಮ್, ಸೆಳೆತ ತೀರಾ ದುರ್ಬಲವಾದಲ್ಲಿ ನಿಯಮವೇ ಬೇರೆ ಎಂದರು. ಲ ವೆರ್ಯೇಯ ಹಳೆಯ ಕವಲುದಾರಿಯೇ. ಪ್ರೋಗ್ರಾಂ ಬರೆಯುವವನಿಗೆ ಇವೆರಡೂ ಒಂದೇ ತೂಕದವಲ್ಲ. ಕಪ್ಪುದ್ರವ್ಯಕ್ಕೆ ಪಟ್ಟಿಯಲ್ಲಿ ಇನ್ನಷ್ಟು ಕಣ ಸೇರಿಸಿದರಾಯಿತು. ಮಿಲ್ಗ್ರೋಮರ ನಿಯಮದಲ್ಲಿ ಜೋಡಿ ಜೋಡಿಯ ಸೆಳೆತ ತೆಗೆದು ಕೂಡಿಸುವ ಪದ್ಧತಿಯೇ ಕೆಲಸ ಮಾಡುವುದಿಲ್ಲ. ಎರಡು ಸೆಳೆತ ಸೇರಿದರೆ ಅವುಗಳ ಮೊತ್ತ ಬರುವುದಿಲ್ಲ, ಹೊರಗಿನ ಗೆಲಾಕ್ಸಿಯೂ ಒಳಗಿನ ಓಟವನ್ನು ಬದಲಿಸುತ್ತದೆ. ಇನ್ನೊಂದು ಸಾಲು ಬರೆಯುತ್ತೇನೆಂದು ಹೊರಟವನು ಇಡೀ ಮನೆಯನ್ನೇ ಕೆಡವಿ ಕಟ್ಟಬೇಕು.

2029ರ ಏಪ್ರಿಲ್ 13ರಂದು ಅಪೋಫಿಸ್ ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾಯಲಿದೆ, ಅಂದರೆ ಹುಬ್ಬಳ್ಳಿಯ ರೇಖಾಂಶದಲ್ಲಿ ತೂಗುವ ಆ ಸತ್ತ ಉಪಗ್ರಹಗಳಿಗಿಂತಲೂ ಕೆಳಗೆ. ಅಲ್ಲಿಯವರೆಗಿನ ಲೆಕ್ಕದಲ್ಲಿ ಗ್ರಹಗಳ ಸೆಳೆತದ ಜೊತೆಗೆ ಯಾರ್ಕೋವ್‌ಸ್ಕಿಯ ಕಾವನ್ನೂ ಅಳೆದು ಸೇರಿಸಿ ಆಗಿದೆ. ಆದರೆ ಅಷ್ಟು ಹತ್ತಿರ ಹಾಯುವಾಗ ಭೂಮಿ ಅದರ ಗಿರಗಿರ ತಿರುಗನ್ನೇ ತಿರುಚುವ ನಿರೀಕ್ಷೆಯಿದೆ. ತಿರುಗು ಬದಲಾದರೆ ಸಂಜೆಯ ಬದಿ ಬದಲಾಗುತ್ತದೆ, ಕಾವು ತಳ್ಳುವ ದಿಕ್ಕೂ ಬಲವೂ ಬದಲಾಗುತ್ತವೆ. ಬೆನ್ನುವಿನಿಂದ ಮಣ್ಣು ತಂದ ನೌಕೆಯೇ ಈಗ ಓಸಿರಿಸ್ ಎಪೆಕ್ಸ್ ಎಂಬ ಹೊಸ ಹೆಸರಿನಲ್ಲಿ ಅಪೋಫಿಸ್‌ನ ಬೆನ್ನು ಹತ್ತಿ ಹೊರಟಿದೆ. ಏಪ್ರಿಲ್ 14ರ ಬೆಳಿಗ್ಗೆ ಪ್ರೋಗ್ರಾಂ ಮುಂದೆ ಕೂತವರು ಕಾವಿನ ಆ ಸಾಲಿನಲ್ಲಿರುವ ಅಂಕಿಯನ್ನು ಅಳಿಸಿ, ಹೊಸದು ಬರುವವರೆಗೆ ಕಾಯುತ್ತಿರುತ್ತಾರೆ.